ಪಾಠ ಆನ್‌ಲೈನಿನದು, ಸ್ಕೂಲ್ ನಿಮ್ಮದು: ಪೆನ್ಸಿಲ್ವೇನಿಯಾದಲ್ಲಿ ಕ್ಲಾಸಿಕಲ್ ಹೋಮ್‌ಸ್ಕೂಲ್

ಅಮೆರಿಕದಲ್ಲಿ ಹೋಮ್‌ಸ್ಕೂಲ್ ಮಾಡಬೇಕು, ಅಂದರೆ ಮಗುವನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸಬೇಕು, ಅದೂ ಲ್ಯಾಟಿನ್, ಲಾಜಿಕ್ ಎಲ್ಲ ಇರುವ ಹಳೇ ಕ್ಲಾಸಿಕಲ್ ಪದ್ಧತಿಯಲ್ಲಿ ಅಂತಿರುವ ಕನ್ನಡದವರು ಫೋನ್ ಮಾಡಿದರೆ ಮೊದಲು ಕೇಳುವುದು, "ಯಾವ ಆನ್‌ಲೈನ್ ಪ್ರೋಗ್ರಾಮ್ ಒಳ್ಳೇದು ಹೇಳಿ" ಅಂತ. ನಾನು ತಿರುಗಿ ಕೇಳುವುದು, "ನೀವು ಯಾವ ಸ್ಟೇಟ್‌ನಲ್ಲಿದ್ದೀರಿ?" ಪ್ರೋಗ್ರಾಮ್ ಆಮೇಲೆ ನೋಡೋಣ.

ಫೀಸು ಕಟ್ಟಿ, ಮಗು ಹೆಡ್‌ಫೋನ್ ಹಾಕಿಕೊಂಡು ಲ್ಯಾಟಿನ್ ಕ್ಲಾಸಿಗೆ ಕೂತರೆ ಸ್ಕೂಲಿಗೆ ಸೇರಿಸಿದ ಹಾಗಾಯಿತು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಪ್ರೋಗ್ರಾಮಿನವರು ಪಾಠ ಹೇಳುತ್ತಾರೆ, ಹೋಂವರ್ಕ್ ತಿದ್ದುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಕಾನೂನಿನ ಪ್ರಕಾರ ಸ್ಕೂಲ್ ಅಂದರೆ ನೀವೇ. ಹಾಜರಿ, ಕಾಗದಪತ್ರ, ಯಾವ್ಯಾವ ವಿಷಯ ಕಲಿಸಬೇಕು ಅನ್ನುವ ಲೆಕ್ಕ, ವರ್ಷದ ಕೊನೆಯ ಸರ್ಟಿಫಿಕೇಟು ಎಲ್ಲವೂ ನಿಮ್ಮ ತಲೆ ಮೇಲೆ. ಇದು ಗೊತ್ತಿದ್ದರೆ ಉಳಿದದ್ದು ಅಂಥ ಕಷ್ಟವೇನಲ್ಲ.

ಹೋಮ್‌ಸ್ಕೂಲ್ 1993ರಿಂದ ಐವತ್ತೂ ಸ್ಟೇಟ್‌ಗಳಲ್ಲಿ ಕಾನೂನುಬದ್ಧ. ಆದರೆ ನಿಯಮ ಸ್ಟೇಟ್‌ಗೆ ಒಂದೊಂದು ಥರ. ನಾವು ಮೊದಲು ಟೆಕ್ಸಾಸಿನ ಫ್ರಿಸ್ಕೊದಲ್ಲಿದ್ದೆವು. ಅಲ್ಲಿ 1994ರ ಲೀಪರ್ ಕೇಸಿನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಹೋಮ್‌ಸ್ಕೂಲನ್ನು ಖಾಸಗಿ ಶಾಲೆ ಅಂತಲೇ ಒಪ್ಪಿದೆ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗಿ ನಡೆದುಕೊಳ್ಳುವುದು, ಈ ಐದು ವಿಷಯ ಇರಬೇಕು. ಪಾಠ ಪುಸ್ತಕದಲ್ಲಿ ಇರಬಹುದು, ಕಂಪ್ಯೂಟರ್ ಪರದೆಯ ಮೇಲೂ ಇರಬಹುದು. ಪಬ್ಲಿಕ್ ಸ್ಕೂಲಿನಲ್ಲಿರುವ ಮಗುವನ್ನು ಬಿಡಿಸುವಾಗ ಒಂದು ಪತ್ರ ಬರೆದು ಕೊಟ್ಟರೆ ಆಯಿತು. ವರ್ಷದ ವರದಿ ಇಲ್ಲ, ಪರೀಕ್ಷೆ ಇಲ್ಲ.

ಅಲ್ಲಿಂದ ಫಿಲಡೆಲ್ಫಿಯಾದ ಹತ್ತಿರಕ್ಕೆ ಬಂದೆವು ನೋಡಿ, ಆಟದ ನಿಯಮವೇ ಬೇರೆ. ಪಕ್ಕದ ನ್ಯೂಜೆರ್ಸಿಯಲ್ಲಿ ಯಾರಿಗೂ ನೋಟಿಸ್ ಕೊಡಬೇಕಿಲ್ಲ. ನದಿಯ ಈಚೆ ದಡದ ಪೆನ್ಸಿಲ್ವೇನಿಯಾದಲ್ಲಿ ಅಫಿಡವಿಟ್ಟು (ಪ್ರಮಾಣ ಮಾಡಿ ಕೊಡುವ ಹೇಳಿಕೆ), ಪೋರ್ಟ್‌ಫೋಲಿಯೊ (ಮಗುವಿನ ವರ್ಷದ ಕೆಲಸದ ಫೈಲು), ಇವ್ಯಾಲ್ಯುಯೇಟರ್ರು (ಅದನ್ನು ನೋಡಿ ಬರೆದುಕೊಡುವವರು). ನ್ಯೂಯಾರ್ಕಿನಲ್ಲಿ ಇನ್ನೂ ಜಾಸ್ತಿ: ಜುಲೈ 1ರೊಳಗೆ ಪತ್ರ, ಆಮೇಲೆ ಏನು ಕಲಿಸುತ್ತೀರಿ ಅನ್ನುವ ಯೋಜನೆ, ವರ್ಷಕ್ಕೆ ನಾಲ್ಕು ವರದಿ. ಕ್ಯಾಲಿಫೋರ್ನಿಯಾದವರು ಪ್ರತಿ ವರ್ಷ ಅಕ್ಟೋಬರ್ 1ರಿಂದ 15ರೊಳಗೆ ಖಾಸಗಿ ಶಾಲೆಯ ಅಫಿಡವಿಟ್ ಆನ್‌ಲೈನಿನಲ್ಲಿ ಹಾಕುತ್ತಾರೆ. ಸಿಯಾಟಲ್ ಕಡೆಯವರು ಸೆಪ್ಟೆಂಬರ್ 15ರೊಳಗೆ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಊರಿನ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಆಫೀಸಿಗೆ, ತಿಳಿಸಬೇಕು. ನಿಮ್ಮ ಸ್ಟೇಟಿನ ಶಿಕ್ಷಣ ಇಲಾಖೆಯ ಪುಟವನ್ನು ನೀವೇ ಓದಿ, ಅದನ್ನೂ ಪ್ರತಿ ವರ್ಷ ಓದಿ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದರು ಅಂತ ನಂಬಿ ಕೂರಬೇಡಿ. ನಾನು ಹೇಳಿದೆ ಅಂತಲೂ ಬೇಡ.

ಇಲ್ಲಿಂದ ಮುಂದೆ ನಾನು ಹೇಳುವುದು ಪೆನ್ಸಿಲ್ವೇನಿಯಾದ್ದು. ಬಿಗಿ ನಿಯಮದ ಊರಿನ ದಾರಿ ಗೊತ್ತಾದರೆ ಸಡಿಲ ನಿಯಮದ ಕಡೆ ಹೇಗೂ ನಡೆಯುತ್ತದೆ.

ಸೈಬರ್ ಚಾರ್ಟರ್ ಬೇರೆ, ಇದು ಬೇರೆ

ಪೆನ್ಸಿಲ್ವೇನಿಯಾದಲ್ಲಿ ಪುಕ್ಕಟೆ ಸೈಬರ್ ಚಾರ್ಟರ್ ಸ್ಕೂಲುಗಳಿವೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಪಬ್ಲಿಕ್ ಸ್ಕೂಲುಗಳು. ಅಲ್ಲಿಗೆ ಸೇರಿದ ಮಗು ಮನೆಯಲ್ಲೇ ಕೂತು ಓದಿದರೂ ಪಬ್ಲಿಕ್ ಸ್ಕೂಲಿನ ವಿದ್ಯಾರ್ಥಿ. ಪಠ್ಯ ಅವರದು, ಸ್ಟೇಟ್ ಪರೀಕ್ಷೆಯೂ ಇರುತ್ತದೆ, ಅಫಿಡವಿಟ್ ಬೇಕಿಲ್ಲ. ನಾವು ಮಾತಾಡುತ್ತಿರುವುದು ಖಾಸಗಿ ಪ್ರೋಗ್ರಾಮಿನ ಲೈವ್ ಕ್ಲಾಸುಗಳ ಬಗ್ಗೆ. ಮೆಮೋರಿಯಾ ಪ್ರೆಸ್, ವೆರಿಟಾಸ್, ವಿಲ್ಸನ್ ಹಿಲ್, ವೆಲ್ ಟ್ರೇನ್ಡ್ ಮೈಂಡ್ ಅಕಾಡೆಮಿ, ಇಂಥವು. ಇವಕ್ಕೆ ಸೇರಿಸಿದರೆ ಅಫಿಡವಿಟ್ ನೀವೇ ಹಾಕಬೇಕು. ಪ್ರೋಗ್ರಾಮಿಗೆ ಅಕ್ರೆಡಿಟೇಶನ್ (ಮಾನ್ಯತೆ) ಇದೆ ಅಂದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಅಫಿಡವಿಟ್

ಅಫಿಡವಿಟ್ ಹೋಗುವುದು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟಿಗೆ. ಮೊದಲ ಸಲ ಪಾಠ ಶುರು ಮಾಡುವ ಮುಂಚೆ ಕೊಡಬೇಕು, ಆಮೇಲೆ ಪ್ರತಿ ವರ್ಷ ಆಗಸ್ಟ್ 1ರೊಳಗೆ. ಇದು ಅನುಮತಿ ಕೇಳುವ ಅರ್ಜಿಯೇನಲ್ಲ, ತಿಳಿಸುವ ಕಾಗದ. "ಮಂಜೂರಾಯಿತಾ?" ಅಂತ ಕಾಯುತ್ತಾ ಕೂರುವ ಅಗತ್ಯ ಇಲ್ಲ. ಆದರೆ ತಲುಪಿದ್ದಕ್ಕೆ ಗುರುತು ಬೇಕು. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಇಲ್ಲವೇ ಆಫೀಸಿಗೆ ಹೋಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಕಿನ ಸೀಲ್ ಹಾಕಿಸಿಕೊಳ್ಳಿ.

ವರ್ಷದ ನಡುವೆ ಸ್ಕೂಲ್ ಬಿಡಿಸುವವರು ಮೊದಲು ಅಫಿಡವಿಟ್ ಕೊಡಿ, ಆಮೇಲೆ ಮಗುವನ್ನು ಮನೆಯಲ್ಲಿ ನಿಲ್ಲಿಸಿ. ಉಲ್ಟಾ ಮಾಡಿದರೆ ಆ ದಿನಗಳೆಲ್ಲ ಕಾರಣವಿಲ್ಲದ ಗೈರುಹಾಜರಿ. ಇಲ್ಲಿ ಅಂಥ ಮೂರು ದಿನ ಆದರೆ ಟ್ರೂಯಂಟ್ (ಸ್ಕೂಲ್ ತಪ್ಪಿಸುವ ಮಗು), ಆರು ಆದರೆ ಹ್ಯಾಬಿಚುವಲಿ ಟ್ರೂಯಂಟ್ (ತಪ್ಪಿಸುವುದೇ ಅಭ್ಯಾಸವಾದ ಮಗು). ಸುಮ್ನೆ ಯಾಕೆ ಆ ತಲೆನೋವು?

ಒಳಗೆ ಏನಿರಬೇಕು ಅಂದರೆ: ಸೂಪರ್ವೈಸರ್ ಹೆಸರು, ಅಂದರೆ ಅಪ್ಪ ಅಥವಾ ಅಮ್ಮ. ಮಗುವಿನ ಹೆಸರು, ವಯಸ್ಸು, ವಿಳಾಸ, ಫೋನ್. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಅನ್ನುವ ಮಾತು. ವಿಷಯವಾರು ಗುರಿಗಳ ಒಂದು ಪಟ್ಟಿ. ಲಸಿಕೆ ಮತ್ತು ಆರೋಗ್ಯ ತಪಾಸಣೆಯ ದಾಖಲೆ. ಮನೆಯಲ್ಲಿರುವ ದೊಡ್ಡವರ ಮೇಲೆ ಕಾನೂನು ಹೆಸರಿಸಿರುವ ಅಪರಾಧಗಳಲ್ಲಿ ಹಿಂದಿನ ಐದು ವರ್ಷ ಶಿಕ್ಷೆ ಆಗಿಲ್ಲ ಅನ್ನುವ ಹೇಳಿಕೆ. ನಾವು ಇದನ್ನು ಬ್ಯಾಂಕಿನಲ್ಲಿ ನೋಟರಿ ಮಾಡಿಸುತ್ತೇವೆ.

ಸೂಪರ್ವೈಸರ್ ಆಗುವವರು ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದದ್ದು ಮುಗಿಸಿರಬೇಕು. ನಿಮ್ಮ ಎರಡನೇ ಪಿಯುಸಿ ಅಂಕಪಟ್ಟಿ ಊರಿನ ಬೀರುವಿನಲ್ಲಿ ಬಿದ್ದಿದ್ದರೆ ಈಗಲೇ ಯಾರಿಗಾದರೂ ಹೇಳಿ ಸ್ಕ್ಯಾನ್ ಮಾಡಿಸಿ ತರಿಸಿಕೊಳ್ಳಿ. ಡಿಗ್ರಿ ಸರ್ಟಿಫಿಕೇಟು ಇದ್ದರೆ ಅದೂ ಆಯಿತು. ಲಸಿಕೆ ಭಾರತದಲ್ಲಿ ಹಾಕಿಸಿದ್ದರೆ ಆ ಹಳೇ ಕಾರ್ಡನ್ನು ಇಲ್ಲಿನ ಮಕ್ಕಳ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ ಅವರ ದಾಖಲೆಗೆ ಏರಿಸಿಕೊಳ್ಳಿ, ಅವರ ಪ್ರಿಂಟ್‌ಔಟ್ ಕೊಟ್ಟರೆ ಡಿಸ್ಟ್ರಿಕ್ಟಿನವರಿಗೆ ಓದಲು ಸುಲಭ.

ಗುರಿಗಳ ಪಟ್ಟಿ ಬರೆಯಲು ಜನ ಹೆದರುತ್ತಾರೆ. ಹೆದರಬೇಡಿ. ಆ ಪಟ್ಟಿಯನ್ನು ಹಿಡಿದುಕೊಂಡು ನೀವು ನಿಯಮ ಮುರಿದಿದ್ದೀರಿ ಅಂತ ಸೂಪರಿಂಟೆಂಡೆಂಟ್ ಹೇಳುವ ಹಾಗಿಲ್ಲ, ಕಾನೂನೇ ಹಾಗೆ ಹೇಳುತ್ತದೆ. ವಿಷಯಕ್ಕೆ ಎರಡು ಸಾಲು ಸಾಕು. "ಭಿನ್ನರಾಶಿ ಮತ್ತು ದಶಮಾಂಶದ ಲೆಕ್ಕ ಬಲಪಡಿಸುವುದು" ಅನ್ನುವ ಥರ. ಪ್ರೋಗ್ರಾಮಿನ ಹೆಸರು, ಪುಸ್ತಕದ ಹೆಸರು, ಟೈಮ್‌ಟೇಬಲ್ ಯಾವುದೂ ಬೇಡ. ಒಂದು ವರ್ಷ ನಮ್ಮ ಡಿಸ್ಟ್ರಿಕ್ಟಿನಿಂದ ದಿನದ ಟೈಮ್‌ಟೇಬಲ್ ಕಳಿಸಿ ಅಂತ ಮೇಲ್ ಬಂತು. ನಮ್ಮ ಯಜಮಾನರು "ಕೊಟ್ಟುಬಿಡು, ಏನೀಗ" ಅಂದರು. ನಾನು ಕೊಡಲಿಲ್ಲ. ಕಾನೂನಿನ ಸೆಕ್ಷನ್ 1327.1ರಲ್ಲಿ ಕೇಳಿರುವುದೆಲ್ಲ ಲಗತ್ತಿಸಿದ್ದೇನೆ, ಧನ್ಯವಾದ ಅಂತ ಮರ್ಯಾದೆಯಾಗಿ ಎರಡು ಸಾಲು ಬರೆದೆ. ಆಮೇಲೆ ಅವರ ಸದ್ದಿಲ್ಲ. ಒಮ್ಮೆ ಹೆಚ್ಚಿಗೆ ಕೊಟ್ಟರೆ ಮುಂದಿನ ವರ್ಷ ಅದೇ ಪದ್ಧತಿಯಾಗುತ್ತದೆ, ನಿಮ್ಮ ಹಿಂದೆ ಬರುವ ಮನೆಯವರಿಗೂ ಅದು ಅಂಟಿಕೊಳ್ಳುತ್ತದೆ.

ಪ್ರೋಗ್ರಾಮ್ ಬಿಟ್ಟ ವಿಷಯಗಳು

ಕ್ಲಾಸಿಕಲ್ ಪ್ರೋಗ್ರಾಮಿನವರು ಲ್ಯಾಟಿನ್, ಸಾಹಿತ್ಯ, ಗ್ರೀಸ್ ರೋಮಿನ ಇತಿಹಾಸ, ಗಣಿತ, ದೊಡ್ಡ ಮಕ್ಕಳಿಗೆ ಲಾಜಿಕ್ ಇದನ್ನೆಲ್ಲ ಚೆನ್ನಾಗಿ ಹೇಳಿಕೊಡುತ್ತಾರೆ. ಪೆನ್ಸಿಲ್ವೇನಿಯಾದ ಪಟ್ಟಿಯಲ್ಲಿ ಇರುವುದು ಅದಕ್ಕಿಂತ ಜಾಸ್ತಿ. ಇಂಗ್ಲಿಷು, ಗಣಿತ, ವಿಜ್ಞಾನದ ಜೊತೆಗೆ ಭೂಗೋಳ, ಅಮೆರಿಕದ ಮತ್ತು ಪೆನ್ಸಿಲ್ವೇನಿಯಾದ ಇತಿಹಾಸ, ಸಿವಿಕ್ಸ್ (ಪೌರನೀತಿ), ಆರೋಗ್ಯ, ವ್ಯಾಯಾಮ, ಸಂಗೀತ, ಚಿತ್ರಕಲೆ, ಕೊನೆಗೆ ಸುರಕ್ಷತೆ. ಬೆಂಕಿ ಅನಾಹುತ ತಡೆಯುವುದು ಅಂತ ಕಾನೂನಿನಲ್ಲಿ ಬೇರೆಯಾಗಿಯೇ ಬರೆದಿದೆ.

ಒಂದು ಹಾಳೆಯ ಎಡಗಡೆ ಸ್ಟೇಟಿನ ಪಟ್ಟಿ, ಬಲಗಡೆ ಪ್ರೋಗ್ರಾಮಿನ ಕೋರ್ಸುಗಳು. ಯಾವ ಸಾಲಿನ ಬಲಗಡೆ ಖಾಲಿ ಇದೆಯೋ ಅದು ನಿಮ್ಮ ಪಾಲಿನ ಪಾಠ. ನಮ್ಮ ಹಾಳೆಯಲ್ಲಿ ಪೆನ್ಸಿಲ್ವೇನಿಯಾ ಇತಿಹಾಸ ಖಾಲಿ ಇತ್ತು. ಎರಡನೇ ಚಾರ್ಲ್ಸ್ ದೊರೆ 1681ರಲ್ಲಿ ವಿಲಿಯಂ ಪೆನ್‌ಗೆ ಈ ನೆಲ ಬರೆದುಕೊಟ್ಟಿದ್ದರಿಂದ ಶುರು ಮಾಡಿ, ಇಂಡಿಪೆಂಡೆನ್ಸ್ ಹಾಲ್, ವ್ಯಾಲಿ ಫೋರ್ಜ್, ಗೆಟಿಸ್‌ಬರ್ಗ್ ಅಂತ ವಾರಾಂತ್ಯಗಳಲ್ಲಿ ಸುತ್ತಿದೆವು. ಪುಸ್ತಕಕ್ಕಿಂತ ಚೆನ್ನಾಗಿ ತಲೆಯಲ್ಲಿ ಕೂತಿತು. ಸಂಗೀತಕ್ಕೆ ಮಗಳ ಕರ್ನಾಟಕ ಸಂಗೀತದ ಪಾಠ, ವ್ಯಾಯಾಮಕ್ಕೆ ಈಜು. ಬೆಂಕಿ ಪಾಠಕ್ಕೆ ಸ್ಮೋಕ್ ಅಲಾರ್ಮಿನ ಬಟನ್ ಒತ್ತಿ ನೋಡಿ, ಮನೆಯ ನಕ್ಷೆ ಬರೆದು, ಎರಡೆರಡು ದಾರಿ ಗುರುತು ಹಾಕಿ, ಹೊರಗೆ ಪೋಸ್ಟ್ ಬಾಕ್ಸ್ ಹತ್ತಿರ ಎಲ್ಲರೂ ಸೇರುವುದು ಅಂತ ಗೊತ್ತು ಮಾಡಿದೆವು. ಆ ನಕ್ಷೆಯೇ ಫೈಲಿಗೆ ಹೋಯಿತು. ಒಂದು ಮಧ್ಯಾಹ್ನದ ಕೆಲಸ.

ಬೇಕಾದರೆ ಡಿಸ್ಟ್ರಿಕ್ಟಿನ ಸ್ಕೂಲಿನಲ್ಲೇ ಒಂದೆರಡು ಕ್ಲಾಸು ತೆಗೆದುಕೊಳ್ಳಬಹುದು. ಸ್ಟೇಟಿನ 2022ರ ಆಕ್ಟ್ 55 ಅನ್ನುವ ಕಾನೂನಿನ ಪ್ರಕಾರ ಶಾಲಾ ದಿನದ ಕಾಲು ಭಾಗದವರೆಗೆ ಅವಕಾಶ ಇದೆ. ಬ್ಯಾಂಡ್, ಲ್ಯಾಬ್ ಇಂಥದ್ದಕ್ಕೆ ಒಳ್ಳೆಯದು.

ಪ್ರೋಗ್ರಾಮ್ ಆರಿಸುವಾಗ

ಕ್ಲಾಸಿಕಲ್ ಅಂದರೆ ಮೂಲದಲ್ಲಿ ಮೂರು ಹಂತ: ಗ್ರಾಮರ್, ಲಾಜಿಕ್, ರೆಟರಿಕ್. ಚಿಕ್ಕ ಮಕ್ಕಳಿಗೆ ಬಾಯಿಪಾಠ, ನಡುವಿನವರಿಗೆ ವಾದ ಮಾಡುವುದು, ದೊಡ್ಡವರಿಗೆ ಚೆನ್ನಾಗಿ ಬರೆದು ಮಾತಾಡುವುದು. ಈ ಹಂತಗಳನ್ನು ಮಕ್ಕಳ ವಯಸ್ಸಿಗೆ ಹೊಂದಿಸಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಭಾಷಣ ಮಾಡಿದ್ದರು, ಇವತ್ತಿನ ಬಹುಪಾಲು ಪ್ರೋಗ್ರಾಮುಗಳು ಅದನ್ನೇ ಹಿಡಿದುಕೊಂಡಿವೆ. ಮಗ್ಗಿ ಬಾಯಿಪಾಠ ಮಾಡಿ ಬೆಳೆದ ನಮಗೆ ಮೊದಲ ಹಂತ ಏನೂ ಹೊಸದಲ್ಲ.

ನಮ್ಮವರು ಗಮನಿಸಲೇಬೇಕಾದ ಒಂದು ವಿಷಯ ಇದೆ. ಇಂಥ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ಕ್ರಿಶ್ಚಿಯನ್. ಕೆಲವು ಕಡೆ ಸೇರುವಾಗ ನಂಬಿಕೆಯ ಹೇಳಿಕೆಗೆ ಅಪ್ಪ ಅಮ್ಮ ಸಹಿ ಹಾಕಬೇಕು, ಕೆಲವು ಕಡೆ ಓದಿಕೊಂಡರೆ ಸಾಕು, ಕೆಲವರಲ್ಲಿ ಅದರ ಮಾತೇ ಇಲ್ಲ. ಬೈಬಲ್ ಕ್ಲಾಸ್ ಬೇರೆ ಇದೆಯೋ, ಇತಿಹಾಸ ವಿಜ್ಞಾನದ ಪಾಠದೊಳಗೇ ಬರುತ್ತದೆಯೋ ಅಂತ ನೇರವಾಗಿ ಕೇಳಿ. ನಾನು ಮೇಲ್ ಮಾಡಿ, "ನಾವು ಹಿಂದೂಗಳು, ಮಗಳು ಕ್ಲಾಸಿನಲ್ಲಿ ಹಾಗೆ ಹೇಳಿದರೆ ಹೇಗೆ ತೆಗೆದುಕೊಳ್ಳುತ್ತೀರಿ?" ಅಂತಲೇ ಕೇಳಿದೆ. ಬಂದ ಉತ್ತರದ ಧಾಟಿ ನೋಡಿದರೆ ಗೊತ್ತಾಗುತ್ತದೆ, ಅಲ್ವಾ? ಸಹಿ ಹಾಕಲು ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ಬೇರೆ ಇವೆ.

ಲೈವ್ ಕ್ಲಾಸ್ ಅಂದರೆ ಸಾಮಾನ್ಯವಾಗಿ ಒಂದು ವಿಷಯಕ್ಕೆ ವಾರಕ್ಕೆ ಒಂದೆರಡು ಸಲ. ಉಳಿದ ದಿನ ಮಗು ತಾನೇ ಕೂತು ಮಾಡಬೇಕು, ಅಂದರೆ ನೀವು ಪಕ್ಕದಲ್ಲಿ ಕೂತು ಮಾಡಿಸಬೇಕು. ಫೀಸು ವಿಷಯದ ಲೆಕ್ಕದಲ್ಲಿ. ವರ್ಷಕ್ಕೆ ಒಂದೊಂದಕ್ಕೆ ನೂರಾರು ಡಾಲರ್, ಪುಸ್ತಕ ಬೇರೆ. ಮೊದಲ ವರ್ಷ ಎಲ್ಲವನ್ನೂ ತೆಗೆದುಕೊಳ್ಳಬೇಡಿ. ಲ್ಯಾಟಿನ್ನೂ ಬರವಣಿಗೆಯೂ ಸಾಕು, ಯಾಕೆಂದರೆ ಮನೆಯಲ್ಲಿ ನಮಗೆ ಹೇಳಿಕೊಡಲು ಬರದಿರುವುದು ಅವೆರಡೇ. ಗಣಿತಕ್ಕೆ ದುಡ್ಡು ಕೊಡುವ ಕನ್ನಡದ ಇಂಜಿನಿಯರುಗಳನ್ನು ನೋಡಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಬರೆದದ್ದನ್ನು ಟೀಚರೇ ತಿದ್ದುತ್ತಾರಾ, ಬಿಟ್ಟರೆ ಯಾವ ತಾರೀಕಿನವರೆಗೆ ದುಡ್ಡು ವಾಪಸ್, ಇವನ್ನು ಸೇರುವ ಮುಂಚೆ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ಟೈಮ್ ಝೋನ್ ನೋಡಿ. ಎಷ್ಟೋ ಪ್ರೋಗ್ರಾಮುಗಳ ವೇಳಾಪಟ್ಟಿ ಈಸ್ಟರ್ನ್ ಟೈಮಿನಲ್ಲಿ ಇರುತ್ತದೆ. ಬೆಳಿಗ್ಗೆ 9ರ ಕ್ಲಾಸ್ ಅಂದರೆ ಕ್ಯಾಲಿಫೋರ್ನಿಯಾದಲ್ಲಿ 6 ಗಂಟೆ. ಊರಿಗೆ ಹೋದಾಗಲೂ ಕ್ಲಾಸ್ ತಪ್ಪಿಸಬೇಕಿಲ್ಲ: ಇಲ್ಲಿನ ಬೆಳಿಗ್ಗೆ 11 ಅಂದರೆ ಚಳಿಗಾಲದಲ್ಲಿ ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ. ನಮ್ಮತ್ತೆಗೆ ಮಾತ್ರ ಇದು ಜೀರ್ಣವಾಗಿಲ್ಲ. "ಹಗಲು ಸ್ಕೂಲಿಗೆ ಹೋಗಲ್ಲ, ರಾತ್ರಿ ಮಲಗೋ ಹೊತ್ತಿಗೆ ಪಾಠ, ಇದೆಂಥದಮ್ಮಾ?" ಅಂತಾರೆ.

ಲ್ಯಾಟಿನ್ನಿಗೆ ಕನ್ನಡ

ಲ್ಯಾಟಿನ್ ಕಂಡು ಗಾಬರಿಯಾಗುವ ಅಮ್ಮಂದಿರಿಗೆ ಒಂದು ಮಾತು. ಕನ್ನಡ ಬರುವವರಿಗೆ ಅದು ಇಂಗ್ಲಿಷ್ ಮಾತ್ರ ಬರುವವರಿಗಿಂತ ಸುಲಭ. "ಪುಯೆಲ್ಲಾ ರೊಸಾಮ್ ಅಮಾತ್." ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಮ್ಮದೇ ಕ್ರಮ. "ರೊಸಾಮ್"ನ ಕೊನೆಯಲ್ಲಿರುವ ಆ ಪ್ರತ್ಯಯ ನಮ್ಮ "ಅನ್ನು". ಬರೀ "ಅಮೋ" ಅಂದರೆ "ಪ್ರೀತಿಸುತ್ತೇನೆ", "ನಾನು" ಅಂತ ಬೇರೆ ಹೇಳಬೇಕಿಲ್ಲ, ಕನ್ನಡದಲ್ಲೂ ಇಲ್ಲ. ಮಗಳು ಅಬ್ಲೇಟಿವ್ (ಹೆಚ್ಚಾಗಿ ನಮ್ಮ "ಇಂದ"ದ ಕೆಲಸ ಮಾಡುವ) ವಿಭಕ್ತಿಯಲ್ಲಿ ಸಿಕ್ಕಿಕೊಂಡಿದ್ದಳು. ಇಂಗ್ಲಿಷಿನ ವಿವರಣೆಯಲ್ಲಿ ಒಂದೇ ವಿಭಕ್ತಿಗೆ ಬೇರೆ ಬೇರೆ ಪದ ಬರುತ್ತದೆ, ಅದೇ ಗೊಂದಲ. "ಗ್ಲಾದಿಯೋ" ಕತ್ತಿಯಿಂದ, "ಅಬ್ ಉರ್ಬೆ" ಪಟ್ಟಣದಿಂದ. ನೋಡು, ಎರಡಕ್ಕೂ ನಮ್ಮ "ಇಂದ" ಒಂದೇ, ಅಂದೆ. "ಓ, ಇಷ್ಟೇನಾ?" ಅಂದಳು. "ಇನ್ ಉರ್ಬೆ" ಪಟ್ಟಣದಲ್ಲಿ ಅಂತ ಬಂದಾಗ ಮತ್ತೆ ಸ್ವಲ್ಪ ಮುನಿಸಿಕೊಂಡಳು, ಅದು ಬೇರೆ ಮಾತು. ಈಗ ಅವಳ ಟಿಪ್ಪಣಿ ಪುಸ್ತಕದಲ್ಲಿ ಲ್ಯಾಟಿನ್ ಪಟ್ಟಿಯ ಪಕ್ಕ ಅನ್ನು, ಇಂದ, ಗೆ, ಅಲ್ಲಿ ಅಂತ ಕನ್ನಡದ ಅಂಕಣ ಇದೆ. ಮನೆಯಲ್ಲಿ ಕನ್ನಡ ಮಾತಾಡಿಸಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ.

ನ್ಯಾಷನಲ್ ಲ್ಯಾಟಿನ್ ಎಕ್ಸಾಮನ್ನು ಹೋಮ್‌ಸ್ಕೂಲ್ ಮಕ್ಕಳೂ ಬರೆಯಬಹುದು. ಫೈಲಿಗೆ ಒಂದು ಒಳ್ಳೆಯ ಕಾಗದ ಸೇರುತ್ತದೆ.

ಫೈಲು ಮತ್ತು ಇವ್ಯಾಲ್ಯುಯೇಟರ್

ವರ್ಷಕ್ಕೆ 180 ದಿನ ಪಾಠ ಆಗಬೇಕು. ಇಲ್ಲವೇ ಗಂಟೆಯ ಲೆಕ್ಕದಲ್ಲಿ ಆರನೇ ತರಗತಿಯವರೆಗೆ 900, ಏಳರಿಂದ 990. ದಿನದ ಲೆಕ್ಕ ಹಿಡಿದುಕೊಳ್ಳಿ, ಗಂಟೆ ಎಣಿಸುವುದು ಯಾರಿಗೂ ಬೇಡ. ಕ್ಯಾಲೆಂಡರಿನಲ್ಲಿ ಒಂದು ಟಿಕ್, ಅಷ್ಟೇ. ಮ್ಯೂಸಿಯಂಗೆ ಹೋದ ಶನಿವಾರವೂ ಪಾಠದ ದಿನವೇ.

ಪೋರ್ಟ್‌ಫೋಲಿಯೊದಲ್ಲಿ ಓದಿದ ಪುಸ್ತಕಗಳ ಹೆಸರಿರುವ ಲಾಗ್ ಬೇಕು. ಅದನ್ನು ಆಗಾಗಲೇ ಬರೆಯಬೇಕು, ಜೂನ್ ತಿಂಗಳಲ್ಲಿ ಕೂತು ನೆನಪಿನಿಂದ ಬರೆಯುವ ಹಾಗಿಲ್ಲ. ಜೊತೆಗೆ ಬರವಣಿಗೆ, ವರ್ಕ್‌ಶೀಟು, ಚಿತ್ರಗಳ ಮಾದರಿ. ವಿಷಯಕ್ಕೆ ಮೂರು ಸಾಕು: ವರ್ಷದ ಶುರುವಿನದು, ನಡುವಿನದು, ಕೊನೆಯದು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮಗು ಎಷ್ಟು ಮುಂದೆ ಬಂದಿದೆ ಅಂತ ಕಣ್ಣಿಗೆ ಕಾಣುತ್ತದೆ, ಇವ್ಯಾಲ್ಯುಯೇಟರ್ ನೋಡುವುದೂ ಅದನ್ನೇ.

ಆನ್‌ಲೈನ್ ಪ್ರೋಗ್ರಾಮಿನವರಿಗೆ ಇಲ್ಲೊಂದು ಅಪಾಯ ಇದೆ. ಹೋಂವರ್ಕೆಲ್ಲ ಅವರ ಪೋರ್ಟಲಿನಲ್ಲಿ ಇರುತ್ತದೆ, ಟೀಚರ್ ತಿದ್ದಿದ್ದೂ ಅಲ್ಲೇ. ಕೋರ್ಸ್ ಮುಗಿದ ಮೇಲೆ ಆ ಬಾಗಿಲು ಮುಚ್ಚಿಹೋಗಬಹುದು. ಪ್ರತಿ ತಿಂಗಳ ಕೊನೆಗೆ ತಿದ್ದಿದ ಒಂದೆರಡು ಹಾಳೆ ಪ್ರಿಂಟ್ ತೆಗೆದು ತಾರೀಕು ಬರೆದು ಬೈಂಡರಿಗೆ ಹಾಕಿ. ಟೀಚರ ಕಾಮೆಂಟು ಕಾಣುವ ಹಾಗೆ ಪ್ರಿಂಟ್ ಮಾಡಿ, ಅದಿಲ್ಲದಿದ್ದರೆ ಅರ್ಧ ಬೆಲೆ ಹೋಯಿತು.

ಮೂರು, ಐದು, ಎಂಟನೇ ತರಗತಿಯಲ್ಲಿ ಓದು ಮತ್ತು ಗಣಿತದ ಸ್ಟ್ಯಾಂಡರ್ಡೈಸ್ಡ್ ಪರೀಕ್ಷೆ ಇದೆ. ಇಲಾಖೆ ಒಪ್ಪಿದ ಪಟ್ಟಿಯಿಂದ ಆರಿಸಬೇಕು. ಅಪ್ಪ ಅಮ್ಮ ತಾವೇ ಕೂರಿಸಿ ಬರೆಸುವ ಹಾಗಿಲ್ಲ. ಇನ್ನೊಂದು ಹೋಮ್‌ಸ್ಕೂಲ್ ಮನೆಯವರ ಜೊತೆ ಮಕ್ಕಳನ್ನು ಅದಲು ಬದಲು ಮಾಡಿಕೊಳ್ಳುವುದು ರೂಢಿ.

ಇವ್ಯಾಲ್ಯುಯೇಟರನ್ನು ನೀವೇ ಹುಡುಕಿ ಫೀಸು ಕೊಡಬೇಕು. ಸರ್ಟಿಫೈಡ್ ಟೀಚರ್, ಲೈಸೆನ್ಸ್ ಇರುವ ಸೈಕಾಲಜಿಸ್ಟ್, ಅಥವಾ ಅನುಭವ ಇರುವ ಖಾಸಗಿ ಶಾಲೆಯ ಟೀಚರ್ ಆಗಬಹುದು. ಮಗುವಿನ ಜೊತೆ ಮಾತಾಡಿ, ಫೈಲ್ ನೋಡಿ, ಸರಿಯಾದ ಶಿಕ್ಷಣ ನಡೆದಿದೆ ಅಂತ ಬರೆದುಕೊಡುತ್ತಾರೆ. ಆ ಕಾಗದ ಜೂನ್ 30ರೊಳಗೆ ಡಿಸ್ಟ್ರಿಕ್ಟಿಗೆ ಹೋಗಬೇಕು. ಕಾನೂನಿಗೆ 2014ರಲ್ಲಿ ಆದ ಬದಲಾವಣೆಯ ನಂತರ ಪೋರ್ಟ್‌ಫೋಲಿಯೊವನ್ನು ಡಿಸ್ಟ್ರಿಕ್ಟಿಗೆ ಕೊಡಬೇಕಿಲ್ಲ, ಈ ಕಾಗದ ಮಾತ್ರ. ಮೇ ಜೂನಿನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಚಳಿಗಾಲದಲ್ಲೇ ದಿನ ಗೊತ್ತು ಮಾಡಿಕೊಳ್ಳಿ. ಕ್ಲಾಸಿಕಲ್ ಪಾಠ ಗೊತ್ತಿರುವವರು ಸಿಕ್ಕರೆ ಇನ್ನೂ ಒಳ್ಳೆಯದು. ನಮಗೆ ಸಿಕ್ಕವರು ಹಿಂದೆ ಲ್ಯಾಟಿನ್ ಟೀಚರ್, ಮಗಳ ಕನ್ನಡ ಅಂಕಣ ನೋಡಿ ಫೋಟೊ ತೆಗೆದುಕೊಂಡು ಹೋದರು.

ಒಂಬತ್ತನೇ ತರಗತಿಯ ಮೇಲೆ

ಇಲ್ಲಿ ಸ್ಟೇಟಿನ ಲೆಕ್ಕ ಬೇರೆಯಾಗುತ್ತದೆ. ಒಂಬತ್ತರಿಂದ ಹನ್ನೆರಡರೊಳಗೆ ನಾಲ್ಕು ವರ್ಷ ಇಂಗ್ಲಿಷು, ಮೂರು ಮೂರು ವರ್ಷ ಗಣಿತ, ವಿಜ್ಞಾನ, ಸಮಾಜ, ಎರಡು ವರ್ಷ ಕಲೆ ಮತ್ತು ಮಾನವಿಕ. ಇಷ್ಟು ಮುಗಿಸಿದರೆ ನೀವು ಕೊಟ್ಟು ಹನ್ನೆರಡನೇ ತರಗತಿಯ ಇವ್ಯಾಲ್ಯುಯೇಟರ್ ಸಹಿ ಹಾಕಿದ ಡಿಪ್ಲೊಮಾವನ್ನು ಸ್ಟೇಟ್ ಒಪ್ಪುತ್ತದೆ, ಇಲಾಖೆಯದೇ ನಮೂನೆ ಇದೆ. ಕಾಲೇಜಿಗೆ ಅರ್ಜಿ ಹಾಕುವಾಗ ಕೌನ್ಸೆಲರ್ ಜಾಗದಲ್ಲಿ ಅಪ್ಪ ಅಥವಾ ಅಮ್ಮ. ಶಿಫಾರಸು ಪತ್ರಕ್ಕೆ ಲೈವ್ ಕ್ಲಾಸಿನ ಟೀಚರನ್ನು ಕೇಳಿ, ನಮ್ಮ ಮಾತಿಗಿಂತ ಹೊರಗಿನವರ ಮಾತಿಗೆ ತೂಕ. ಎಪಿ ಪರೀಕ್ಷೆ (ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಬರೆಸುವುದಿದ್ದರೆ ಮಗುವನ್ನು ಪರೀಕ್ಷೆಗೆ ಕೂರಿಸಿಕೊಳ್ಳುವ ಸ್ಕೂಲನ್ನು ಹಿಂದಿನ ಬೇಸಿಗೆಯಲ್ಲೇ ಹುಡುಕಲು ಶುರು ಮಾಡಿ. ಕೆಲವರು ಬೇಗ ಹೂಂ ಅನ್ನುತ್ತಾರೆ, ಕೆಲವರು ಸೆಪ್ಟೆಂಬರ್ ಕೊನೆಯವರೆಗೆ ಮೇಲ್‌ಗೆ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಒಟ್ಟಿಗೆ ಮೂರ್ನಾಲ್ಕು ಸ್ಕೂಲಿಗೆ ಬರೆದುಬಿಡಿ.